ಹೆಪ್ಪುಗಟ್ಟುವ ಕಡಲು



ಧ್ರುವಪ್ರದೇಶದ ಸುದ್ದಿ ನಮ್ಮವರೆಗೆ ಬರುವುದು ಹೆಚ್ಚಾಗಿ ಕರಗಿಹೋದ ಹಿಮದ ಲೆಕ್ಕವಾಗಿ. ಎಷ್ಟು ಹಿಮ ನೀರಾಯಿತು, ಸಮುದ್ರಮಟ್ಟ ಎಷ್ಟು ಏರಿತು, ಯಾವ ಕರಾವಳಿ ಮುಳುಗೀತು. ಆ ಲೆಕ್ಕ ಬೇಕಾದದ್ದೇ. ಆದರೆ ಇವತ್ತು ನಾನು ಆರಿಸಿಕೊಂಡಿರುವ ವಿಷಯ ಅದರ ಇನ್ನೊಂದು ಮಗ್ಗುಲು: ಅಂಟಾರ್ಕ್ಟಿಕ ಖಂಡದ ಸುತ್ತಲಿನ ಕಡಲು ಪ್ರತಿ ಚಳಿಗಾಲದಲ್ಲೂ ಹೆಪ್ಪುಗಟ್ಟುವುದು. ಅಲ್ಲಿನ ಜೀವಿಗಳ ಬದುಕಿಗೂ ಜಗತ್ತಿನ ಸಾಗರಗಳ ಒಳಸುಳಿಗಳಿಗೂ ಬೇಕಾಗಿರುವುದು ಈ ಹೆಪ್ಪುಗಟ್ಟುವಿಕೆ. ಕಳೆದ ಒಂದು ದಶಕದ ಸಂಶೋಧನೆಗಳನ್ನು ಓದುತ್ತ ಬಂದ ನನಗೆ, ಭೂಮಿಯ ಮೇಲೆ ವರ್ಷಕ್ಕೊಮ್ಮೆ ನಡೆಯುವ ಅತಿ ದೊಡ್ಡ ಕೆಲಸಗಳಲ್ಲಿ ಇದೂ ಒಂದು ಎನಿಸಿದೆ.

ಎಷ್ಟು ದೊಡ್ಡದು? ಅಲ್ಲಿನ ಬೇಸಿಗೆ ಮುಗಿಯುವ ಫೆಬ್ರವರಿಯಲ್ಲಿ ಕಡಲ ಮೇಲೆ ಉಳಿಯುತ್ತಿದ್ದ ಮಂಜುಗಡ್ಡೆ, ಹಿಂದಿನ ದಶಕಗಳ ಸರಾಸರಿಯಲ್ಲಿ, ಮೂವತ್ತು ಲಕ್ಷ ಚದರ ಕಿಲೋಮೀಟರಿಗೆ ತುಸು ಕಡಿಮೆ. ಸೆಪ್ಟೆಂಬರ್ ಹೊತ್ತಿಗೆ ಅದು 1 ಕೋಟಿ 85 ಲಕ್ಷ ಚದರ ಕಿಲೋಮೀಟರನ್ನು ದಾಟುತ್ತಿತ್ತು. ಏಳು ತಿಂಗಳಲ್ಲಿ ಸುಮಾರು ಐದು ಭಾರತದಷ್ಟು ವಿಸ್ತಾರದ ನೀರು ಗಟ್ಟಿಯಾಗಿ, ಮುಂದಿನ ಐದು ತಿಂಗಳಲ್ಲಿ ಮತ್ತೆ ನೀರಾಗುತ್ತಿತ್ತು. ಖಂಡದ ಮೇಲೆ ಕಿಲೋಮೀಟರುಗಟ್ಟಲೆ ದಪ್ಪ ಕೂತಿರುವ ಹಿಮವೇ ಬೇರೆ, ಇದೇ ಬೇರೆ. ಅದು ಯುಗಯುಗಗಳಿಂದ ಬಿದ್ದ ಹಿಮ ಒತ್ತಿಕೊಂಡು ಆದದ್ದು. ಇದು ಸಮುದ್ರದ ನೀರೇ ಸುಮಾರು ಮೈನಸ್ 1.9 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಡ್ಡೆಕಟ್ಟಿದ್ದು. ದಪ್ಪ ಹೆಚ್ಚಿನ ಕಡೆ ಒಂದೆರಡು ಮೀಟರ್ ಅಷ್ಟೇ. ನೀರಿನ ಮೇಲೆ ತೇಲುತ್ತಿರುವುದರಿಂದ ಇದು ಕರಗಿದರೆ ಸಮುದ್ರಮಟ್ಟ ಏರುವುದಿಲ್ಲ. ಹಾಗಾದರೆ ಇದರ ಗೊಡವೆ ಯಾರಿಗೆ ಬೇಕು ಎಂದು ಕೇಳಬಹುದು. ಮೊದಲು ಬೇಕಾಗಿರುವುದು ಎಂಪರರ್ ಪೆಂಗ್ವಿನ್ನಿಗೆ.

ಮನುಷ್ಯನ ಎದೆಮಟ್ಟಕ್ಕೆ ಬರುವ ಈ ಹಕ್ಕಿ ಸಂಸಾರ ಹೂಡುವುದು ಹೆಚ್ಚಾಗಿ ದಡಕ್ಕೆ ಅಂಟಿಕೊಂಡು ನಿಂತ ಕಡಲ ಮಂಜುಗಡ್ಡೆಯ ಮೇಲೆ, ಅದೂ ಚಳಿಗಾಲದ ನಡುವೆ. ಮೇ, ಜೂನ್ ತಿಂಗಳಲ್ಲಿ ಹೆಣ್ಣು ಒಂದೇ ಒಂದು ಮೊಟ್ಟೆ ಇಟ್ಟು, ಅದನ್ನು ಗಂಡಿನ ಪಾದದ ಮೇಲೆ ದಾಟಿಸಿ ಮೇವಿಗಾಗಿ ಸಮುದ್ರಕ್ಕೆ ಹೋಗುತ್ತದೆ. ದಾಟಿಸುವಾಗ ಮೊಟ್ಟೆ ಜಾರಿ ಗಡ್ಡೆಯ ಮೇಲೆ ಉಳಿದುಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಒಳಗಿನ ಜೀವ ಹೋಗುತ್ತದೆ. ಗಂಡು ಹೊಟ್ಟೆಯ ಕೆಳಗಿನ ಬೋಳು ಚರ್ಮದ ಮಡಿಕೆಯನ್ನು ಮೊಟ್ಟೆಯ ಮೇಲೆ ಇಳಿಬಿಟ್ಟು ಎರಡು ತಿಂಗಳಿಗೂ ಮಿಕ್ಕಿ ಉಪವಾಸ ನಿಲ್ಲುತ್ತದೆ. ಬಿರುಗಾಳಿಗೆ ಸಾವಿರಾರು ಗಂಡುಗಳು ಒಂದಕ್ಕೊಂದು ಒತ್ತಿ ಗುಂಪುಗೂಡುತ್ತವೆ. ಹೊರಗಿನವು ಒಳಕ್ಕೆ, ಒಳಗಿನವು ಹೊರಕ್ಕೆ ನಿಧಾನವಾಗಿ ಸರಿಯುತ್ತವೆ. ಮರಿ ಹೊರಬರುವುದು ಜುಲೈ, ಆಗಸ್ಟ್‌ನಲ್ಲಿ. ಮೈಮೇಲೆ ಬೂದುಬಣ್ಣದ ನವಿರು ತುಪ್ಪಳ. ನೀರು ಹಿಡಿಯದ ನಿಜವಾದ ಗರಿ ಮೂಡುವುದು ಡಿಸೆಂಬರ್ ಹೊತ್ತಿಗೆ. ಎಂದರೆ ಕಾಲ ಕೆಳಗಿನ ಗಡ್ಡೆ ಏಪ್ರಿಲ್‌ನಲ್ಲೇ ಗಟ್ಟಿಯಾಗಿರಬೇಕು, ಡಿಸೆಂಬರ್ ಕಳೆಯುವ ತನಕ ಒಡೆಯಬಾರದು. ಒಂದು ತಿಂಗಳು ಮೊದಲೇ ಒಡೆದರೆ ಮರಿ ನೀರಿಗೆ ಬಿದ್ದು ಮುಳುಗುತ್ತದೆ, ಇಲ್ಲವೇ ತುಪ್ಪಳ ನೆಂದು ಚಳಿಗೆ ಸಾಯುತ್ತದೆ.

ಈ ಹಕ್ಕಿಯ ವಿಷಯ ತಿಳಿಯಲು ಮನುಷ್ಯ ಪಟ್ಟ ಪಾಡು ಸಣ್ಣದಲ್ಲ. 1911ರ ಚಳಿಗಾಲದ ಕತ್ತಲಲ್ಲಿ ಎಡ್ವರ್ಡ್ ವಿಲ್ಸನ್, ಹೆನ್ರಿ ಬೋವರ್ಸ್, ಆಪ್ಸ್ಲಿ ಚೆರಿ-ಗ್ಯಾರಾರ್ಡ್ ಎಂಬ ಮೂವರು ಕೇಪ್ ಕ್ರೋಜಿಯರ್‌ಗೆ ಜಾರುಬಂಡಿ ಎಳೆದುಕೊಂಡು ಹೋಗಿ, ಮೈನಸ್ 60 ಡಿಗ್ರಿಯವರೆಗೆ ಇಳಿದ ಚಳಿಯಲ್ಲಿ ಐದು ವಾರ ಕಳೆದು, ಹಿಂದಕ್ಕೆ ತಂದದ್ದು ಮೂರು ಮೊಟ್ಟೆ. ನೂರು ವರ್ಷ ತುಂಬುವ ಮೊದಲೇ, 2009ರಲ್ಲಿ, ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ಪೀಟರ್ ಫ್ರೆಟ್‌ವೆಲ್ ಮತ್ತು ಫಿಲಿಪ್ ಟ್ರಾಥನ್ ಉಪಗ್ರಹ ಚಿತ್ರಗಳಲ್ಲಿ ಬಿಳಿ ಗಡ್ಡೆಯ ಮೇಲಿನ ಕಂದು ಕಲೆಗಳನ್ನು ಹುಡುಕಿ, ಅವು ಪೆಂಗ್ವಿನ್ ಹಿಕ್ಕೆಯ ಕಲೆಗಳೆಂದು ತೋರಿಸಿ, ಅಲ್ಲಿಯವರೆಗೆ ಯಾರಿಗೂ ತಿಳಿಯದಿದ್ದ ಹತ್ತು ನೆಲೆಗಳನ್ನು ಗುರುತಿಸಿದರು. ಒಂಟಿ ಹಕ್ಕಿ ಆ ಚಿತ್ರದಲ್ಲಿ ಕಾಣುವುದಿಲ್ಲ. ಸಾವಿರ ಹಕ್ಕಿಗಳ ಹಿಕ್ಕೆ ಕಾಣುತ್ತದೆ. ವಿಜ್ಞಾನದ ಜಾಣ್ಮೆ ಎಂದರೆ ನನ್ನ ಮಟ್ಟಿಗೆ ಇಂಥದ್ದು.

ಅದೇ ಕಲೆಗಳು 2022ರಲ್ಲಿ ದುಃಖದ ಸುದ್ದಿ ಕೊಟ್ಟವು. ಅಂಟಾರ್ಕ್ಟಿಕ ಪರ್ಯಾಯದ್ವೀಪದ ಪಶ್ಚಿಮಕ್ಕಿರುವ ಬೆಲಿಂಗ್ಸ್‌ಹೌಸೆನ್ ಸಮುದ್ರದಲ್ಲಿ ಎಂಪರರ್ ಪೆಂಗ್ವಿನ್ನುಗಳ ಐದು ನೆಲೆಗಳಿವೆ. ಆ ವರ್ಷ ಅಲ್ಲಿನ ಗಡ್ಡೆ ಮರಿಗಳಿಗೆ ಗರಿ ಬರುವ ಮೊದಲೇ ಚೂರಾಗಿ ಹೋಯಿತು. ಐದರಲ್ಲಿ ನಾಲ್ಕು ನೆಲೆಗಳ ಕಲೆ ಚಿತ್ರದಿಂದ ಅಳಿಸಿಹೋಯಿತು. ಆ ನಾಲ್ಕರಲ್ಲಿ ಒಂದು ಮರಿಯೂ ಉಳಿದಿರಲಾರದು ಎಂದು ಫ್ರೆಟ್‌ವೆಲ್ ಮತ್ತು ಸಂಗಡಿಗರು 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ದೊಡ್ಡ ಹಕ್ಕಿಗಳು ಸಾಯುವುದಿಲ್ಲ, ಮರುವರ್ಷ ಬೇರೆ ಜಾಗ ಹುಡುಕಬಲ್ಲವು. ಹಿಂದೆ ಹಾಗೆ ಹುಡುಕಿವೆ ಕೂಡ. ಆದರೆ ಇಡೀ ಪ್ರದೇಶದಲ್ಲೇ ಗಡ್ಡೆ ಇಲ್ಲದಿದ್ದರೆ ಹೋಗುವುದಾದರೂ ಎಲ್ಲಿಗೆ? ಈ ಹಕ್ಕಿಗೆ ವಿಶೇಷ ರಕ್ಷಣೆ ಕೊಡುವ ಪ್ರಸ್ತಾವ 2022ರಲ್ಲಿ ಬರ್ಲಿನ್‌ನಲ್ಲಿ ಸೇರಿದ ಅಂಟಾರ್ಕ್ಟಿಕ ಒಪ್ಪಂದದ ಸಭೆಗೆ ಬಂದಿತ್ತು. ಅಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ನಿರ್ಣಯ. ಎಲ್ಲರೂ ಒಪ್ಪಲಿಲ್ಲ. ಇದು ನನಗೆ ನೋವಿನ ಸಂಗತಿ, ಮುಚ್ಚಿಡುವುದಿಲ್ಲ.

ಇನ್ನು ಗಡ್ಡೆಯ ಕೆಳಗೆ ನಡೆಯುವ ಕೆಲಸಕ್ಕೆ ಬರೋಣ. ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಉಪ್ಪಿನಾಗರ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಅಲ್ಲಿ ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ, ಉಳಿದ ನೀರು ದಿನದಿನಕ್ಕೆ ಹೆಚ್ಚು ಉಪ್ಪಾಗುತ್ತದೆ. ಅಂಟಾರ್ಕ್ಟಿಕದಲ್ಲಿ ಬಿಸಿಲಿನ ಜಾಗದಲ್ಲಿ ಚಳಿ. ನೀರಿನ ಕಣಗಳು ಹರಳಾಗುವಾಗ ಉಪ್ಪಿಗೆ ಆ ಹರಳಿನೊಳಗೆ ಜಾಗವಿಲ್ಲ. ಬಹುಪಾಲು ಉಪ್ಪು ಹೊರಬಿದ್ದು ಕೆಳಗಿನ ನೀರಿಗೆ ಸೇರುತ್ತದೆ. ಆ ನೀರು ಮೊದಲೇ ಅತಿ ತಣ್ಣಗೆ, ಈಗ ಅತಿ ಉಪ್ಪು, ಆದ್ದರಿಂದ ಅತಿ ಭಾರ. ಅದು ಮುಳುಗುತ್ತದೆ.

ಈ ಕೆಲಸ ಎಲ್ಲ ಕಡೆಯೂ ಒಂದೇ ಬಿರುಸಿನಲ್ಲಿ ನಡೆಯುವುದಿಲ್ಲ. ಖಂಡದ ಎತ್ತರದಿಂದ ಇಳಿಜಾರಿನಲ್ಲಿ ಧುಮ್ಮಿಕ್ಕುವ ಗಾಳಿ ದಡದ ಬಳಿ ಹೊಸದಾಗಿ ಆದ ಗಡ್ಡೆಯನ್ನು ಹಿಡಿದು ಹೊರಕ್ಕೆ ತಳ್ಳುತ್ತದೆ. ಬಯಲಾದ ನೀರು ಮತ್ತೆ ಹೆಪ್ಪುಗಟ್ಟುತ್ತದೆ, ಗಾಳಿ ಮತ್ತೆ ತಳ್ಳುತ್ತದೆ. ಚಳಿಗಾಲವಿಡೀ ತೆರೆದೇ ಇರುವ ಇಂಥ ನೀರಿನ ಬಯಲಿಗೆ ಪಾಲಿನ್ಯಾ ಎನ್ನುತ್ತಾರೆ. ಗಡ್ಡೆ ತಯಾರಾಗುವ ಕಾರ್ಖಾನೆ ಅದೇ. ಅಲ್ಲಿ ಹುಟ್ಟಿದ ಭಾರದ ನೀರು ಖಂಡದ ಅಂಚಿನಿಂದ ಸಾವಿರಾರು ಮೀಟರ್ ಆಳಕ್ಕೆ ಇಳಿದು ತಳದಲ್ಲಿ ಉತ್ತರಕ್ಕೆ ಹರಡುತ್ತದೆ. ಜಗತ್ತಿನ ಸಾಗರಗಳ ಒಟ್ಟು ನೀರಿನಲ್ಲಿ ಸುಮಾರು ಮೂರನೇ ಒಂದು ಭಾಗ ಅಂಟಾರ್ಕ್ಟಿಕದ ಈ ತಳನೀರು ಎಂದು ಲೆಕ್ಕ. ಮಲ್ಪೆಯ ದೋಣಿ ಓಡಾಡುವ ಅರಬ್ಬಿ ಸಮುದ್ರದ ಮೇಲ್ನೀರು 28 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಅದೇ ಸಮುದ್ರದ ನಡುವೆ ನಾಲ್ಕು ಸಾವಿರ ಮೀಟರ್ ಕೆಳಗೆ ನೀರಿನ ಶಾಖ ಎರಡು ಡಿಗ್ರಿಯ ಹತ್ತಿರ. ಆ ತಂಪಿನ ಮೂಲ ದಕ್ಷಿಣ ಧ್ರುವದ ಕಡಲೇ. ದಾರಿಯುದ್ದಕ್ಕೂ ಬೇರೆ ನೀರಿನೊಡನೆ ಬೆರೆಯುತ್ತ ಶತಮಾನಗಳ ಪಯಣ ಮಾಡಿ ಬಂದ ನೀರು ಅದು. ಆಳದ ಜೀವಿಗಳು ಉಸಿರಾಡುವ ಆಮ್ಲಜನಕವನ್ನು ಹೊತ್ತು ತರುವುದೂ ಅದೇ.

ಇಷ್ಟೆಲ್ಲ ನಡೆಯುವುದು ಚಳಿಗಾಲದಲ್ಲಿ, ಕತ್ತಲಲ್ಲಿ, ಹಡಗು ಒಳಹೋಗಲಾಗದ ಗಡ್ಡೆಯ ನಡುವೆ. ಅಳೆಯುವವರು ಯಾರು? ಉತ್ತರ ಬಂದದ್ದು ಆನೆ ಸೀಲ್‌ಗಳಿಂದ. ಗಂಡು ಮೂರು ನಾಲ್ಕು ಟನ್ ತೂಗುವ ಈ ಪ್ರಾಣಿ ಮೇವಿಗಾಗಿ ದಿನಕ್ಕೆ ಹತ್ತಾರು ಬಾರಿ ನಾನೂರು, ಆರುನೂರು, ಎಂಟುನೂರು ಮೀಟರ್ ಆಳಕ್ಕೆ ಮುಳುಗುತ್ತದೆ. ಒಮ್ಮೊಮ್ಮೆ ಎರಡು ಸಾವಿರ ಮೀಟರ್ ತಲುಪಿದ್ದೂ ಉಂಟು. ವರ್ಷಕ್ಕೊಮ್ಮೆ ತುಪ್ಪಳ ಉದುರಿಸಲು ದಡಕ್ಕೆ ಬರುತ್ತದೆ. ಹೊಸ ತುಪ್ಪಳ ಬಂದಾಗ ಸಂಶೋಧಕರು ಅದಕ್ಕೆ ಮಂಪರಿನ ಮದ್ದು ಕೊಟ್ಟು, ನೆತ್ತಿಯ ಕೂದಲನ್ನು ಒರೆಸಿ ಒಣಗಿಸಿ, ಅರ್ಧ ಕಿಲೋ ಆಸುಪಾಸಿನ ಒಂದು ಉಪಕರಣವನ್ನು ಎಪಾಕ್ಸಿ ಅಂಟಿನಿಂದ ಕೂರಿಸುತ್ತಾರೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಉಪಕರಣ ನೀರಿನ ಶಾಖ, ಉಪ್ಪು, ಆಳ ಮೂರನ್ನೂ ಅಳೆಯುತ್ತದೆ. ಉಸಿರಿಗಾಗಿ ಸೀಲ್ ಮೇಲೆ ಬಂದ ಎರಡು ಮೂರು ನಿಮಿಷದಲ್ಲೇ ಅದರ ತಲೆಯ ಮೇಲಿನ ಪುಟ್ಟ ಆಂಟೆನಾ ಅಳತೆಯ ಸಾರಾಂಶವನ್ನು ಉಪಗ್ರಹಕ್ಕೆ ಕಳಿಸಿಬಿಡುತ್ತದೆ. ಮುಂದಿನ ವರ್ಷ ತುಪ್ಪಳದ ಜೊತೆಗೆ ಉಪಕರಣವೂ ಉದುರುತ್ತದೆ.

ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಕೇ ಒಹ್ಶಿಮಾ ಮತ್ತು ಸಂಗಡಿಗರು 2013ರಲ್ಲಿ ಸಮುದ್ರತಳಕ್ಕೆ ಕಟ್ಟಿದ ಉಪಕರಣಗಳ ಜೊತೆಗೆ ಸೀಲ್‌ಗಳ ಅಳತೆಯನ್ನೂ ಸೇರಿಸಿ ಪೂರ್ವ ಅಂಟಾರ್ಕ್ಟಿಕದ ಕೇಪ್ ಡಾರ್ನ್‌ಲಿಯ ಪಾಲಿನ್ಯಾದಲ್ಲಿ ತಳನೀರು ಹುಟ್ಟುತ್ತಿದೆ ಎಂದು ತೋರಿಸಿದರು. ವೆಡೆಲ್ ಸಮುದ್ರ, ರಾಸ್ ಸಮುದ್ರ, ಅಡೇಲಿ ಕರಾವಳಿ ಈ ಮೂರು ತವರುಗಳು ಮೊದಲೇ ಗೊತ್ತಿದ್ದವು, ಇದು ನಾಲ್ಕನೆಯದು. ಅದರ ಪೂರ್ವಕ್ಕೆ ಪ್ರಿಡ್ಜ್ ಕೊಲ್ಲಿ. ಅಲ್ಲಿನ ಲಾರ್ಸ್‌ಮನ್ ಗುಡ್ಡಗಳ ಮೇಲೆ 134 ಹಡಗು ಕಂಟೇನರುಗಳನ್ನು ಜೋಡಿಸಿ ಕಟ್ಟಿದ ನಮ್ಮ ಭಾರತಿ ನೆಲೆ 2012ರಿಂದ ಕೆಲಸ ಮಾಡುತ್ತಿದೆ. ಆ ಕೊಲ್ಲಿಯಲ್ಲೂ ಭಾರದ ನೀರು ಹುಟ್ಟುತ್ತದೆ. ಆದರೆ ತೇಲು ಹಿಮಚಾಚುಗಳು ಕರಗಿ ಬರುವ ಸಿಹಿನೀರು ಅದರ ಉಪ್ಪನ್ನು ತೆಳುಗೊಳಿಸಿ ಮುಳುಗದಂತೆ ತಡೆಯುತ್ತಿದೆ ಎಂದು 2016ರಲ್ಲಿ ಮತ್ತೊಂದು ತಂಡ, ಅದೂ ಸೀಲ್‌ಗಳ ಅಳತೆಯಿಂದಲೇ, ತೋರಿಸಿಕೊಟ್ಟಿತು.

ಇಂಥ ತಡೆಯ ಫಲ ಈಗ ಆಳದಲ್ಲಿ ಕಾಣತೊಡಗಿದೆ. ಆಸ್ಟ್ರೇಲಿಯದ ದಕ್ಷಿಣದ ಆಳಕಡಲಿನಲ್ಲಿ ತಳನೀರಿನ ಹರಿವು 1990ರ ದಶಕದ ಮೊದಲಿನಿಂದ 2017ರ ವರೆಗೆ ಸುಮಾರು ಶೇಕಡ 30ರಷ್ಟು ತಗ್ಗಿದೆ, ಆಳಕ್ಕೆ ಹೋಗುವ ಆಮ್ಲಜನಕವೂ ಕಡಿಮೆಯಾಗಿದೆ ಎಂದು ಕ್ಯಾಥರಿನ್ ಗನ್ ಮತ್ತು ಸಂಗಡಿಗರು 2023ರಲ್ಲಿ ವರದಿ ಮಾಡಿದರು. ನಡುವೆ 2009ರ ನಂತರ ತುಸು ಚೇತರಿಕೆ ಕಂಡದ್ದನ್ನೂ ಅವರೇ ದಾಖಲಿಸಿದ್ದಾರೆ. ವೆಡೆಲ್ ಸಮುದ್ರದಲ್ಲಿಯೂ ಅತಿ ತಣ್ಣನೆಯ ತಳನೀರು ಮೂರು ದಶಕಗಳಲ್ಲಿ ಕುಗ್ಗಿದೆ. ಅಲ್ಲಿ ಕಾರಣ ಹಿಮ ಕರಗಿದ್ದಲ್ಲ. ಗಾಳಿ ಬದಲಾಗಿ ಹೊಸ ಗಡ್ಡೆ ಕಡಿಮೆ ಆದದ್ದು. ನನ್ನ ಇಂದಿನ ಮಾತಿನ ತಿರುಳು ಈ ಒಂದು ಫಲಿತಾಂಶದಲ್ಲಿದೆ.

ಇನ್ನು ಗಡ್ಡೆಯ ವಿಸ್ತಾರ. ಇದರ ಕಥೆ ಸರಳವಲ್ಲ, ಸರಳಗೊಳಿಸಿ ಹೇಳುವುದು ತಪ್ಪು. ಜಗತ್ತು ಬಿಸಿಯಾಗುತ್ತಿದ್ದರೂ 2014ರ ತನಕ ಅಂಟಾರ್ಕ್ಟಿಕದ ಕಡಲ ಗಡ್ಡೆ ನಿಧಾನವಾಗಿ ಹೆಚ್ಚುತ್ತಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಎರಡು ಕೋಟಿ ಚದರ ಕಿಲೋಮೀಟರನ್ನೂ ದಾಟಿತ್ತು. 2016ರಲ್ಲಿ ಹಠಾತ್ತನೆ ಕುಸಿಯಿತು. 2023ರ ಫೆಬ್ರವರಿಯಲ್ಲಿ ಉಳಿದದ್ದು 17.9 ಲಕ್ಷ ಚದರ ಕಿಲೋಮೀಟರ್. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಗರಿಷ್ಠ ಮಟ್ಟವೇ 1 ಕೋಟಿ 69.6 ಲಕ್ಷ, ಹಿಂದಿನ ಕನಿಷ್ಠ ದಾಖಲೆಗಿಂತ ಹತ್ತು ಲಕ್ಷ ಚದರ ಕಿಲೋಮೀಟರ್ ಕಡಿಮೆ. 2022ರಿಂದ 2025ರ ವರೆಗೆ ನಾಲ್ಕು ಬೇಸಿಗೆಯೂ ಗಡ್ಡೆ ಇಪ್ಪತ್ತು ಲಕ್ಷಕ್ಕಿಂತ ಕೆಳಗಿಳಿಯಿತು. ಕೆಳಪದರದ ನೀರು ಬೆಚ್ಚಗಾಗಿ ಕಡಲು ಹೊಸದೊಂದು ಸ್ಥಿತಿಗೆ ಹೊರಳಿರಬಹುದು ಎಂದು ಏರಿಯಾನ್ ಪ್ಯೂರಿಚ್ ಮತ್ತು ಎಡ್ವರ್ಡ್ ಡಾಡ್ರಿಜ್ 2023ರಲ್ಲಿ ಬರೆದರು. 2025ರಲ್ಲಿ ಅಲೆಸ್ಸಾಂಡ್ರೊ ಸಿಲ್ವಾನೊ ಮತ್ತು ಸಂಗಡಿಗರು ಉಪಗ್ರಹದ ಅಳತೆಗಳಿಂದ ಕಂಡದ್ದು ಇನ್ನೂ ಅಚ್ಚರಿಯದು: 2015ರಿಂದೀಚೆಗೆ ಅಲ್ಲಿನ ಮೇಲ್ನೀರು ಹೆಚ್ಚು ಉಪ್ಪಾಗುತ್ತಿದೆ. ಹಿಮ ಕರಗಿದರೆ ಮೇಲ್ನೀರು ಸಿಹಿಯಾಗಬೇಕೆಂದು ಬಹುಮಂದಿ ಎಣಿಸಿದ್ದರು. ತೆಳುವಾದ ಸಿಹಿನೀರಿನ ಪದರ ಮುಚ್ಚಳದ ಹಾಗೆ ಕೆಳಗಿನ ಶಾಖವನ್ನು ತಡೆಹಿಡಿಯುತ್ತಿತ್ತು. ಮೇಲ್ನೀರು ಉಪ್ಪಾದಾಗ ಆ ತಡೆ ಸಡಿಲಾಗಿ ಶಾಖ ಮೇಲೇರಿ, ಹೊಸ ಗಡ್ಡೆ ಕಟ್ಟುವುದೇ ಕಷ್ಟವಾಗುತ್ತದೆ. ದಡದ ಬಳಿ ಸಿಹಿಯಾಗುವುದೂ ನಡುಗಡಲಲ್ಲಿ ಉಪ್ಪಾಗುವುದೂ ಒಟ್ಟೊಟ್ಟಿಗೆ ಹೇಗೆ ಎಂಬುದು ಇಂದು ಈ ಕ್ಷೇತ್ರದವರ ನಿದ್ದೆಗೆಡಿಸಿರುವ ಪ್ರಶ್ನೆ.

ಸಭೆಯಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಭಾರತಿ, ಮೈತ್ರಿ ನೆಲೆಗಳನ್ನು ನಡೆಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇರುವುದು ಗೋವಾದ ವಾಸ್ಕೋದಲ್ಲಿ, ಕಾರವಾರದಿಂದ ಕೆಲವೇ ಗಂಟೆಯ ದಾರಿ. ಅಲ್ಲಿಗೆ ಭೌತಶಾಸ್ತ್ರ ಓದಿದವರೂ ಬೇಕು, ಎಲೆಕ್ಟ್ರಾನಿಕ್ಸ್ ಬಲ್ಲವರೂ ಬೇಕು, ಜೀವಶಾಸ್ತ್ರದವರೂ ಬೇಕು. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಸೀಲ್‌ಗಳು ಅಳೆದ ಐದು ಲಕ್ಷಕ್ಕೂ ಹೆಚ್ಚು ಮುಳುಗುಗಳ ದಾಖಲೆ ಮಿಯಾಪ್ ಎಂಬ ಅಂತರರಾಷ್ಟ್ರೀಯ ಭಂಡಾರದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಉಚಿತವಾಗಿ ಇದೆ. ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಪ್ರಿಡ್ಜ್ ಕೊಲ್ಲಿಯ ಆಸುಪಾಸು, ಪೂರ್ವ ರೇಖಾಂಶ 69ರಿಂದ 77 ಡಿಗ್ರಿಯ ನಡುವಿನದನ್ನು ಆರಿಸಿಕೊಳ್ಳಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ವರೆಗಿನ ಉಪ್ಪಿನ ಗೆರೆಗಳನ್ನು ಒಂದರ ಮೇಲೊಂದು ಎಳೆಯಿರಿ. ಪಾಲಿನ್ಯಾ ಇರುವ ಕಡೆ ಚಳಿಗಾಲ ಮುಂದುವರಿದ ಹಾಗೆ ಗೆರೆ ಉಪ್ಪಿನ ಕಡೆಗೆ ಸರಿಯುತ್ತ ಹೋಗುವುದು ಕಾಣಬೇಕು. ಆಮೇಲೆ ಬೇರೆ ಬೇರೆ ವರ್ಷಗಳನ್ನು ಹೋಲಿಸಿ, ಆ ಸರಿಯುವಿಕೆ ಹೆಚ್ಚಿದೆಯೋ ತಗ್ಗಿದೆಯೋ ನೋಡಿ. ನಿಮಗೆ ಸಿಕ್ಕ ಉತ್ತರವನ್ನು ನನಗೂ ಬರೆದು ತಿಳಿಸಿ.