ಜ್ವರ ಬಿಟ್ಟ ಮೇಲಿನ ಅವಸರ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಕಾಲೇಜು ಆಟ ಎಂದೊಡನೆ ನೆನಪಿಗೆ ಬರುವುದು ಕುಸ್ತಿ, ಕಬಡ್ಡಿ, ಸೈಕ್ಲಿಂಗ್. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಇವೆಲ್ಲ ಒಮ್ಮೆಲೇ ನಿಂತವು. ಪದವಿ ಕಾಲೇಜುಗಳ ಬಾಗಿಲು ಮತ್ತೆ ತೆರೆದದ್ದು ಅದೇ ವರ್ಷ ನವೆಂಬರ್ 17ಕ್ಕೆ. ಮಹಾಮಾರಿಯ ಹೊತ್ತಿನಲ್ಲಿ ಮಕ್ಕಳನ್ನು ಆಡಿಸಬೇಕೋ ಬೇಡವೋ ಎಂದು ಆಗ ಎಲ್ಲ ಕಡೆ ಚರ್ಚೆ ನಡೆಯಿತು. ಸೋಂಕು ತಗುಲಿದವನು ಎಷ್ಟು ದಿನಕ್ಕೆ ಕಣಕ್ಕೆ ಮರಳಬೇಕು, ಅದನ್ನು ಯಾರು ತೀರ್ಮಾನಿಸಬೇಕು ಎಂದು ಕೇಳಿದವರು ಕಡಿಮೆ. ಆಟಗಾರನ ಆರೋಗ್ಯಕ್ಕೆ ಸಂಬಂಧಿಸಿದ ನಿಜವಾದ ಪ್ರಶ್ನೆ ಇದೇ ಎಂಬುದು, ಅದಕ್ಕೆ ಉತ್ತರ ಕೊಡುವ ಹೊಣೆಯನ್ನು ಕಾಲೇಜು ಹೊರಬೇಕೆಂಬುದು ನನ್ನ ವಾದ.

ಮೊದಲು ಸೋಂಕಿನ ದಾರಿಯನ್ನು ನೋಡೋಣ. 2020ರ ಆಗಸ್ಟ್‌ನಲ್ಲಿ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಶಿಬಿರಕ್ಕೆ ರಜೆ ಮುಗಿಸಿ ಮರಳಿದ ಹಾಕಿ ಆಟಗಾರರಲ್ಲಿ ನಾಯಕ ಮನ್‌ಪ್ರೀತ್ ಸಿಂಗ್ ಸೇರಿ ಆರು ಮಂದಿಗೆ ಕೋವಿಡ್ ದೃಢಪಟ್ಟಿತು. ಅವರಲ್ಲೊಬ್ಬರಾದ ಮನ್‌ದೀಪ್ ಸಿಂಗ್ ಅವರಿಗೆ ರೋಗಲಕ್ಷಣವೇ ಇರಲಿಲ್ಲ. ಆದರೂ ರಕ್ತದ ಆಮ್ಲಜನಕ ಇಳಿದು ಆಸ್ಪತ್ರೆಗೆ ಸೇರಿಸಬೇಕಾಯಿತು. ಮುಂದಿನ ತಿಂಗಳು ಸೋನಿಪತ್ ಶಿಬಿರದಲ್ಲಿ ದೀಪಕ್ ಪೂನಿಯಾ ಸೇರಿ ಮೂವರು ಪೈಲವಾನರಿಗೆ ಸೋಂಕು ಕಾಣಿಸಿತು. ದೇಶದಲ್ಲೇ ಅತಿ ಹೆಚ್ಚು ಕಾವಲಿದ್ದ ಮೈಗಳ ಕಥೆ ಇದು. ಇನ್ನು ನಮ್ಮ ಗರಡಿಮನೆ ನೋಡಿ: ಗಿಡ್ಡ ಬಾಗಿಲು, ಸಣ್ಣ ಕಿಟಕಿ, ಹಸಿ ಮಣ್ಣು. ಇಬ್ಬರು ಪೈಲವಾನರು ಕುತ್ತಿಗೆಗೆ ಕೈ ಹಾಕಿ, ಹಣೆಗೆ ಹಣೆ ಕೊಟ್ಟು, ಒಬ್ಬರ ಏದುಸಿರು ಇನ್ನೊಬ್ಬರ ಮುಖಕ್ಕೆ ಬಡಿಯುವಂತೆ ನಿಲ್ಲುತ್ತಾರೆ. ಬಯಲಲ್ಲಿ ಪೆಡಲ್ ತುಳಿಯುವ ಸೈಕಲ್ ಪಟುವಿಗೆ ಈ ಭಯ ಕಡಿಮೆ, ನಿಜ. ಆದರೆ ಸ್ಪರ್ಧೆಗೆ ಹೋಗುವಾಗ ಅವನೂ ಕಿಕ್ಕಿರಿದ ಕ್ರೂಸರ್‌ನಲ್ಲೇ ಕೂಡುತ್ತಾನೆ, ಎಲ್ಲರ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಾನೆ, ಒಂದೇ ಖಾನಾವಳಿಯಲ್ಲಿ ಉಣ್ಣುತ್ತಾನೆ. ಸೋಂಕನ್ನು ಪೂರ್ತಿ ತಡೆಯುತ್ತೇವೆಂಬ ಭರವಸೆ ಯಾವ ಆಟದಲ್ಲೂ ಇಲ್ಲ. ಆದ್ದರಿಂದ ಸೋಂಕು ಬಂದ ಮೇಲಿನ ನಡೆ ಮುಖ್ಯವಾಗುತ್ತದೆ.

ಅಲ್ಲಿ ಚಿಂತೆ ಇರುವುದು ಹೃದಯದ್ದು. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೆ ಉರಿಯೂತ ತರುತ್ತವೆ. ವೈದ್ಯರು ಇದನ್ನು ಮಯೋಕಾರ್ಡೈಟಿಸ್ ಎನ್ನುತ್ತಾರೆ. ಆ ಸ್ಥಿತಿಯಲ್ಲಿ ಮೈಮುರಿದು ಆಡಿದರೆ ಹೃದಯದ ಬಡಿತ ಲಯ ತಪ್ಪಿ ಜೀವಕ್ಕೇ ಕುತ್ತು ಬರಬಹುದು. ಕೋವಿಡ್‌ಗೆ ಅರ್ಧ ಶತಮಾನ ಮೊದಲೇ, 1970ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಾಕ್ಸಾಕಿ ವೈರಸ್ ತಗುಲಿದ ಇಲಿಗಳನ್ನು ಬಲವಂತವಾಗಿ ಈಜಿಸಿದಾಗ ಅವುಗಳ ಹೃದಯದಲ್ಲಿ ವೈರಸ್ ಹೆಚ್ಚಿತು, ಸಾವೂ ಹೆಚ್ಚಿತು. ಕೋವಿಡ್ ಕಾಲದಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದವರು ಸೋಂಕಿನಿಂದ ಚೇತರಿಸಿಕೊಂಡ 26 ಆಟಗಾರರ ಹೃದಯದ ಎಂಆರ್‌ಐ ತೆಗೆದಾಗ ನಾಲ್ವರಲ್ಲಿ ಈ ಉರಿಯೂತದ ಗುರುತು ಕಂಡಿತು. ಶೇ 15 ಎಂಬ ಆ ಅಂಕಿ 2020ರ ಸೆಪ್ಟೆಂಬರ್‌ನಲ್ಲಿ ಜಗತ್ತನ್ನೇ ಬೆಚ್ಚಿಬೀಳಿಸಿತು.

ಆ ಭಯ ಅತಿಯಾಯಿತು ಎಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಮುಂದೆ 13 ವಿಶ್ವವಿದ್ಯಾಲಯಗಳ 1,597 ಆಟಗಾರರನ್ನು ಎಂಆರ್‌ಐಗೆ ಒಳಪಡಿಸಿದಾಗ ಉರಿಯೂತ ಸಿಕ್ಕಿದ್ದು 37 ಜನರಲ್ಲಿ, ಅಂದರೆ ಶೇ 2.3. ಸೋಂಕಿತರಾಗಿದ್ದ 3,018 ಕಾಲೇಜು ಆಟಗಾರರ ಇನ್ನೊಂದು ಅಧ್ಯಯನದಲ್ಲಿ ಹೃದಯಕ್ಕೆ ಪೆಟ್ಟು ಬಿದ್ದಿರುವ ಸಾಧ್ಯತೆ ಕಂಡದ್ದು 21 ಮಂದಿಗೆ, ಶೇ 0.7. ಹಾಗಾದರೆ ಬಹುಪಾಲು ಮಕ್ಕಳಿಗೆ ಏನೂ ಆಗದು ಎಂದು ಧೈರ್ಯವಾಗಿ ಹೇಳಬಹುದು. ಆದರೆ ಆ 37 ಜನರಲ್ಲಿ 28 ಮಂದಿಗೆ ಹೃದಯದ ತೊಂದರೆಯ ಯಾವ ಲಕ್ಷಣವೂ ಇರಲಿಲ್ಲ. ‘ನನಗೇನೂ ಆಗಿಲ್ಲ ಸರ್’ ಎಂಬ ಹುಡುಗನ ಮಾತು ಪ್ರಾಮಾಣಿಕವಾಗಿದ್ದೂ ಸುಳ್ಳಾಗಬಹುದು. ಅಪಾಯ ಸಣ್ಣದು, ಕಣ್ಣಿಗೆ ಕಾಣದ್ದು, ಬಂದರೆ ಜೀವಕ್ಕೇ ಬರುವಂಥದ್ದು. ಅದನ್ನು ತಗ್ಗಿಸಲು ಬೇಕಾದ ಬೆಲೆಯೋ, ಕೆಲವು ದಿನಗಳ ವಿಶ್ರಾಂತಿ.

ನಮ್ಮ ತಾಲೂಕುಗಳಲ್ಲಿ ಪ್ರತಿಯೊಬ್ಬ ಆಟಗಾರನ ಹೃದಯಕ್ಕೆ ಎಂಆರ್‌ಐ ಎಲ್ಲಿಂದ ತರುವುದು ಎಂದು ಕೇಳಬಹುದು. ತರಬೇಕಿಲ್ಲ. ಜ್ವರ ಇರುವಷ್ಟು ದಿನ ಪೂರ್ತಿ ವಿಶ್ರಾಂತಿ. ಬಿಟ್ಟ ಮೇಲೆ ಮೊದಲು ನಡಿಗೆ, ಆಮೇಲೆ ನಿಧಾನದ ಓಟ, ಆಮೇಲೆ ದಂಡ-ಬೈಠಕ್, ಎದುರಾಳಿಯಿಲ್ಲದೆ ಪಟ್ಟುಗಳ ಅಭ್ಯಾಸ, ಕೊನೆಗೆ ಜೋಡಿ ಕುಸ್ತಿ. ಯಾವ ಮೆಟ್ಟಿಲಲ್ಲಾದರೂ ಎದೆನೋವು, ಅತಿ ಏದುಸಿರು, ಎದೆಬಡಿತದ ಏರುಪೇರು, ತಲೆಸುತ್ತು ಕಂಡರೆ ಅಲ್ಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿ ಇಸಿಜಿ ಮಾಡಿಸಬೇಕು. ಉರಿಯೂತ ಖಚಿತವಾದರೆ ಮೂರರಿಂದ ಆರು ತಿಂಗಳು ಸ್ಪರ್ಧೆ ಬೇಡ ಎಂಬುದು ಹೃದ್ರೋಗ ತಜ್ಞರ ಹಳೆಯ ಸಲಹೆ. ಕುಸ್ತಿಯವರಿಗೆ ಇನ್ನೊಂದು ಮಾತು: ತೂಕ ಇಳಿಸಲು ನೀರು ಬಿಟ್ಟು, ದಪ್ಪ ಬಟ್ಟೆ ತೊಟ್ಟು ಬೆವರು ಹರಿಸುವ ರೂಢಿ ಜ್ವರದಿಂದ ಎದ್ದ ಮೈಗೆ ಸಲ್ಲದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹೊಟ್ಟೆಪಾಡಿನದು. ಬಡವರ ಮನೆಯ ಮಗ ಒಂದು ಹಂಗಾಮು ಕಳೆದುಕೊಂಡರೆ ಅಂತರ ವಿಶ್ವವಿದ್ಯಾಲಯ ಸ್ಪರ್ಧೆಯ ಪ್ರಮಾಣಪತ್ರ ಹೋಗುತ್ತದೆ, ಅದರ ಹಿಂದೆ ಕ್ರೀಡಾ ಕೋಟಾದ ಆಸೆಯೂ ಹೋಗುತ್ತದೆ. ಮನೆಯವರು ಖುರಾಕಿಗೆ ಮಾಡಿದ ಖರ್ಚಿಗೆ ಲೆಕ್ಕ ಹೇಳುವವರಿಲ್ಲ. ‘ಅವನು ದೊಡ್ಡವನಾಗಿದ್ದಾನೆ, ಅವನಿಷ್ಟ’ ಎನ್ನುವವರು ಈ ಒತ್ತಡ ಮರೆಯುತ್ತಾರೆ. ಇಂಥ ಇಕ್ಕಟ್ಟಿನಲ್ಲಿ ಅವನು ಜ್ವರವನ್ನೇ ಮುಚ್ಚಿಡುತ್ತಾನೆ. ಆಟವನ್ನು ಮುಂದೂಡಿದರೆ ಎಲ್ಲ ಮುಳುಗಿಹೋಗುವುದಿಲ್ಲ ಎಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ: 2021ರ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಕೋವಿಡ್‌ನಿಂದ ಮುಂದೆ ಹೋಗಿ 2022ರ ಏಪ್ರಿಲ್-ಮೇನಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಕೂಟವನ್ನೇ ಮುಂದಿನ ವರ್ಷಕ್ಕೆ ದೂಡಬಹುದಾದರೆ ಒಬ್ಬ ಆಟಗಾರನಿಗಾಗಿ ಕೆಲವು ವಾರ ಕಾಯುವುದು ಸಂಸ್ಥೆಗೆ ಭಾರವಲ್ಲ.

ಆದ್ದರಿಂದ ಕಾಲೇಜುಗಳ ಕ್ರೀಡಾ ಸಮಿತಿಗಳು ಬರವಣಿಗೆಯಲ್ಲಿ ಮೂರು ಮಾತು ಕೊಡಲಿ: ಜ್ವರ ಹೇಳಿಕೊಂಡವನ ಸ್ಥಾನ ತಂಡದಲ್ಲಿ ಉಳಿಯುತ್ತದೆ, ವಿಶ್ರಾಂತಿಯ ದಿನಗಳು ಹಾಜರಾತಿಗೆ ಸೇರುತ್ತವೆ, ಮರಳುವ ದಿನವನ್ನು ಗೆಲುವಿನ ಹಂಬಲವಿರುವ ತರಬೇತುದಾರರ ಬದಲು ವೈದ್ಯರು ಹೇಳುತ್ತಾರೆ. ಹೃದಯಕ್ಕೆ ತಾಗುವ ವೈರಸ್ ಕೋವಿಡ್ ಒಂದೇ ಅಲ್ಲ, ಫ್ಲೂ ಕೂಡ ಆ ಸಾಲಿಗೆ ಸೇರಿದ್ದು. ಈ ನಿಯಮಕ್ಕೆ ಮುಂದಿನ ಮಹಾಮಾರಿಯನ್ನು ಕಾಯಬೇಕಿಲ್ಲ. ಈ ಮಳೆಗಾಲದ ಜ್ವರಕ್ಕೇ ಅದು ಬೇಕು.