ಹಿಡಿಯಕ್ಕಿಯ ವ್ರತ
(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಭಗವಾನ್ ಶಾಂತಿನಾಥ ಸ್ವಾಮಿಯ ಪ್ರತಿಷ್ಠೆಯ ಈ ಪುಣ್ಯಸಂದರ್ಭದಲ್ಲಿ ಬಸದಿಗಾಗಿ ದುಡಿದ ಹಿರಿಯರ ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ದಾನಿಗಳ ಹೆಸರುಗಳು ಶಿಲಾಫಲಕದಲ್ಲಿವೆ. ಅಲ್ಲಿಲ್ಲದ ಒಬ್ಬ ಶ್ರಾವಿಕೆಯನ್ನು, ನನ್ನ ಅಜ್ಜಿಯನ್ನು, ನೆನೆಯಲು ತಮ್ಮ ಅನುಮತಿ ಬೇಡುತ್ತೇನೆ. ಸ್ವಂತ ಮನೆಯವರನ್ನು ಸಭೆಯಲ್ಲಿ ಹೊಗಳುವ ಸಂಕೋಚ ನನಗೂ ಇಲ್ಲದಿಲ್ಲ.

1974ರ ಮಾರ್ಚ್ 1ರಂದು ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿ, ಉಳುವವನಿಗೆ ಹಕ್ಕು ದೊರೆಯುವಂತಾದುದನ್ನು ಹಿರಿಯರು ಬಲ್ಲರು. ಕರಾವಳಿಯ ಅನೇಕ ಬಸದಿಗಳ ನಿತ್ಯಪೂಜೆ ಗೇಣಿಯ ಅಕ್ಕಿಯನ್ನೇ ನಂಬಿಕೊಂಡಿತ್ತು. ಇಲ್ಲಿಗೆ ಬರುತ್ತಿದ್ದ ಮುಡಿಗಳೂ ನಿಂತವು. ಇನ್ನು ಪರ್ವದಿನಗಳಲ್ಲಿ ಮಾತ್ರ ಪೂಜೆ ನಡೆದರೆ ಸಾಕೆಂದು ನಮ್ಮ ಮನೆಯ ಜಗಲಿಯಲ್ಲೇ ಮಾತಾಯಿತು. ಕಾನೂನನ್ನು ಶಪಿಸಿದವರೂ ಇದ್ದರು. ಆಗ ಒಳಗಿನಿಂದ ಅಜ್ಜಿ, "ಉಳುವವರ ಮಕ್ಕಳು ಉಣ್ಣುವುದು ಬೇಡವೇ? ಸ್ವಾಮಿಯ ದೀಪ ಉರಿಸುವುದು ನಮ್ಮ ಕೆಲಸ, ಅವರದಲ್ಲ" ಎಂದರು. ಗಂಡಸರ ಮಾತಿನ ನಡುವೆ ಅವರು ಬಾಯಿ ತೆರೆದುದನ್ನು ನಾನು ಕೇಳಿದ್ದು ಅದೊಂದೇ ಸಲ.

ಮರುದಿನದಿಂದ, ಅನ್ನಕ್ಕೆಂದು ಅಳೆದ ಅಕ್ಕಿಯಲ್ಲಿ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕತೊಡಗಿದರು. ಶ್ರಾವಕರ ಮನೆಗಳಲ್ಲೆಲ್ಲ ಹಾಗೆ ಮಾಡಿಸಿ, ಹುಣ್ಣಿಮೆಗೊಮ್ಮೆ ನಡೆದುಹೋಗಿ ಸಂಗ್ರಹಿಸುತ್ತಿದ್ದರು. ಮನೆಗಳಲ್ಲಿ ಉಣ್ಣುವುದು ಕುಚ್ಚಲಕ್ಕಿ, ನೈವೇದ್ಯಕ್ಕೆ ಬೇಕಾದುದು ಬೆಳ್ತಿಗೆ. ಆದುದರಿಂದ ಕೂಡಿದ ಅಕ್ಕಿಯನ್ನು ಅಂಗಡಿಗೆ ಕೊಟ್ಟು ಬೆಳ್ತಿಗೆಯನ್ನೂ ದೀಪದ ಎಣ್ಣೆಯನ್ನೂ ತರುವುದು. ಚೀಲ ಹೊರುವ, ಲೆಕ್ಕ ಬರೆಯುವ ಕೆಲಸ ನನ್ನದು. ಕಾಲೇಜಿನಲ್ಲಿ ಓದುತ್ತಿದ್ದ ನನಗೆ ಇದು ಭಿಕ್ಷಾಟನೆಯಂತೆ ಕಂಡು ನಾಚಿಕೆಯಾಗುತ್ತಿತ್ತು. ಒಮ್ಮೆ ಹಾಗೆಂದೂ ಬಿಟ್ಟೆ. ಅಜ್ಜಿ ಉತ್ತರ ಕೊಡಲಿಲ್ಲ. ಮುಂದಿನ ಹುಣ್ಣಿಮೆಗೆ ಚೀಲವನ್ನು ತಾವೇ ಹೊತ್ತು ಹೊರಟರು. ಆ ಬೆನ್ನು ಇಂದಿಗೂ ನನ್ನ ಕಣ್ಣಮುಂದಿದೆ.

ನೀರನ್ನು ಸೋಸಿಯೇ ಕುಡಿಯುವುದು, ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವುದು ಅವರಿಗೆ ಉಸಿರಿನಷ್ಟು ಸಹಜವಾಗಿದ್ದವು. ಬೋಧಿಸುವ ಅಭ್ಯಾಸ ಮಾತ್ರ ಅವರಿಗಿರಲಿಲ್ಲ.

ಶ್ರವಣಬೆಳಗೊಳದ ಗೊಮ್ಮಟೇಶ್ವರನ ಪ್ರತಿಷ್ಠೆಗೆ ಸಾವಿರ ವರ್ಷ ತುಂಬಿದ 1981ರ ಮಹಾಮಸ್ತಕಾಭಿಷೇಕಕ್ಕೆ ಊರಿನಿಂದ ಬಸ್ಸು ಹೊರಟಿತ್ತು. ಅಜ್ಜಿಯ ಬಟ್ಟೆಯ ಗಂಟೂ ಸಿದ್ಧವಾಗಿತ್ತು. ಅಷ್ಟರಲ್ಲಿ ತೋಟದಾಚೆಯ ಕೂಲಿಯ ಹೆಂಗಸಿಗೆ ಹೆರಿಗೆಯ ನೋವು ಕಾಣಿಸಿತೆಂದು ಕರೆ ಬಂತು. ಊರಿನ ಎಷ್ಟೋ ಬಾಣಂತಿಯರನ್ನು ಜಾತಿ ಕೇಳದೆ ನೋಡಿಕೊಂಡ ಕೈಗಳವು. ಗಂಟನ್ನು ಒಳಗಿಟ್ಟು ಅತ್ತ ನಡೆದರು. ನಾವು ತಂದುಕೊಟ್ಟ ಗಂಧೋದಕವನ್ನು ಶಿರಸ್ಸಿಗೆ ಹಚ್ಚಿಕೊಂಡು, ಒಂದು ತೊಟ್ಟನ್ನು ಆ ಶಿಶುವಿನ ನೆತ್ತಿಗೂ ಹಚ್ಚಿಬಂದರು.

ಕೊನೆಗಾಲದಲ್ಲಿ ಆಹಾರವನ್ನು ತಾವಾಗಿಯೇ ಕಡಿಮೆ ಮಾಡಿಕೊಂಡು ಹಾಸಿಗೆ ಹಿಡಿದಾಗ ನನ್ನನ್ನು ಕರೆದು, ಎದ್ದು ಅಡುಗೆಮನೆಗೆ ಹೋಗಲಾಗದೆ ಎಷ್ಟು ದಿನವಾಯಿತೆಂದು ಕೇಳಿದರು. ಎಣಿಸಿ ಹೇಳಿದೆ, ಹದಿನೇಳು. "ಹದಿನೇಳು ಹಿಡಿ ಬಾಕಿ, ಬರೆದುಕೋ" ಎಂದರು.

ಆ ಬಾಕಿಯನ್ನು ಸಲ್ಲಿಸಿದ ದಿನ ಚೀಲವನ್ನು ನಾನೇ ಹೊತ್ತಿದ್ದೆ.