ಅಲಹಾಬಾದಿಗೆ ಎರಡು ವರ್ಗಾವಣೆ



1975ರ ಜೂನ್ 26. ತುರ್ತುಪರಿಸ್ಥಿತಿ ಘೋಷಣೆಯಾಗಿತ್ತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಿರೋಧ ಪಕ್ಷಗಳ ನಾಯಕರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲೇ ಬಂಧಿತರಾದರು. ಬಂಧನವನ್ನು ಪ್ರಶ್ನಿಸಿದ ಹೇಬಿಯಸ್ ಕಾರ್ಪಸ್ ಅರ್ಜಿ ನಮ್ಮ ಹೈಕೋರ್ಟ್ ಇರುವ ಅಠಾರಾ ಕಚೇರಿಯ ಕೆಂಪು ಕಟ್ಟಡಕ್ಕೆ ಬಂತು. ಅವರ ಪರ ನಿಂತ ವಕೀಲ ರಾಮಾ ಜೋಯಿಸರನ್ನೂ ಜೈಲಿಗೆ ಹಾಕಲಾಯಿತು.

ತುರ್ತುಪರಿಸ್ಥಿತಿಯಲ್ಲಿ ಇಂಥ ಅರ್ಜಿಯನ್ನು ಕೇಳುವ ಅಧಿಕಾರವೇ ಕೋರ್ಟಿಗಿಲ್ಲ ಎಂದಿತು ಸರ್ಕಾರ. ನಮ್ಮ ಹೈಕೋರ್ಟ್ ಒಪ್ಪಲಿಲ್ಲ. 1976ರಲ್ಲಿ ದೇಶದ 16 ಹೈಕೋರ್ಟ್ ನ್ಯಾಯಮೂರ್ತಿಗಳ ವರ್ಗಾವಣೆಯಾಯಿತು. ಇಲ್ಲಿಂದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗುವಾಹಟಿಗೆ. ಅದೇ ವರ್ಷದ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಸರ್ಕಾರದ ವಾದವನ್ನೇ ಎತ್ತಿಹಿಡಿಯಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನ. ಮರುವರ್ಷ ಅವರ ಜ್ಯೇಷ್ಠತೆಯನ್ನು ಬದಿಗಿಟ್ಟು ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಖನ್ನಾ ರಾಜೀನಾಮೆ ಕೊಟ್ಟರು.

ವರ್ಗಾವಣೆಯಲ್ಲಿ ಸಂಬಳ ಹೋಗುವುದಿಲ್ಲ, ಪದವಿಯೂ ಹೋಗುವುದಿಲ್ಲ. ಮನೆ ಖಾಲಿಯಾಗುತ್ತದೆ, ಮಕ್ಕಳ ಶಾಲೆ ತಪ್ಪುತ್ತದೆ, ಕಡತಗಳ ಭಾಷೆ ಬೇರೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕದ ಕೋರ್ಟ್ ಹಾಲಿನ ನ್ಯಾಯಮೂರ್ತಿ ಅದನ್ನು ನೋಡುತ್ತಿರುತ್ತಾರೆ. ನನ್ನ ಮಟ್ಟಿಗೆ ಅಪಾಯ ಇರುವುದು ಅಲ್ಲಿಯೇ.

ಸುಪ್ರೀಂ ಕೋರ್ಟಿನ 1993ರ ತೀರ್ಪಿನ ಮೇಲೆ ವರ್ಗಾವಣೆಯ ಅಧಿಕಾರ ಸರ್ಕಾರದ ಕೈಯಿಂದ ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂಗೆ ಬಂತು. ಆದರೂ 2017ರ ಸೆಪ್ಟೆಂಬರಿನಲ್ಲಿ, ಕೆಲವೇ ದಿನಗಳಲ್ಲಿ ಇಲ್ಲಿ ಹಂಗಾಮಿ ಮುಖ್ಯ ನ್ಯಾಯಮೂರ್ತಿಯಾಗಬೇಕಿದ್ದ ಜಯಂತ್ ಪಟೇಲರ ವರ್ಗಾವಣೆಯ ಸುದ್ದಿ ಬಂತು. ಮತ್ತೆ ಅಲಹಾಬಾದಿಗೇ! ಕಾರಣ ಯಾರೂ ಹೇಳಲಿಲ್ಲ. ಅವರು ರಾಜೀನಾಮೆ ಕೊಟ್ಟರು. ಈ ಸಲ ಅವರು ಮೊದಲಿದ್ದ ಗುಜರಾತಿನಲ್ಲೂ ಇಲ್ಲಿಯೂ ವಕೀಲರು ಕಲಾಪದಿಂದ ಹೊರಗುಳಿದು ಪ್ರತಿಭಟಿಸಿದರು. ಅಕ್ಟೋಬರಿನಲ್ಲಿ ಕೊಲಿಜಿಯಂ ತನ್ನ ನಿರ್ಣಯಗಳನ್ನು ವೆಬ್‌ಸೈಟಿಗೆ ಹಾಕತೊಡಗಿತು. ಆದರೆ ವರ್ಗಾವಣೆಯ ನಿರ್ಣಯಗಳಲ್ಲಿ ಇಂದಿಗೂ ಸಾಮಾನ್ಯವಾಗಿ ಕಾಣುವುದು ‘ಉತ್ತಮ ನ್ಯಾಯಾಡಳಿತಕ್ಕಾಗಿ’ ಎಂಬ ಒಂದೇ ಮಾತು.

ನ್ಯಾಯಮೂರ್ತಿ ತನ್ನ ವರ್ಗಾವಣೆಯ ಬಗ್ಗೆ ತಾನೇ ಬೀದಿಗಿಳಿದು ಮಾತಾಡಲಾರ. ಮಾತಾಡಬೇಕಾದವರು ವಕೀಲರು. ಮುಖ್ತಾರ, ಪ್ಲೀಡರ್, ವಕೀಲ, ಬ್ಯಾರಿಸ್ಟರ್ ಎಂದು ಹರಿದು ಹಂಚಿಹೋಗಿದ್ದ ವೃತ್ತಿಯನ್ನು 1961ರ ಕಾಯ್ದೆ ಒಂದು ಮಾಡಿತು, ತನ್ನನ್ನು ತಾನೇ ಆಳಿಕೊಳ್ಳುವ ಬಾರ್ ಕೌನ್ಸಿಲ್ ಕೊಟ್ಟಿತು. ಆ ಬಲ ಸನ್ನದು ಕೊಡುವುದಕ್ಕಷ್ಟೇ ಅಲ್ಲ.

ಚಂದ್ರಶೇಖರ್ 1978ರಲ್ಲಿ ಈ ಹೈಕೋರ್ಟಿಗೆ ಮುಖ್ಯ ನ್ಯಾಯಮೂರ್ತಿಯಾಗಿ ಮರಳಿದರು. ಜಯಂತ್ ಪಟೇಲರು ಮರಳಲಿಲ್ಲ. ಕಿರಿಯ ವಕೀಲ ಮಿತ್ರರೇ, ಮುಂದಿನ ವರ್ಗಾವಣೆಯ ಆದೇಶ ಬಂದ ದಿನ ನಿಮ್ಮ ಸಂಘದಿಂದ ಒಂದು ಪತ್ರ ಬರೆಯಿರಿ. ಕಾರಣ ಕೇಳಿ.